ಹನ್ನೊಂದು ಹಾಳೆಯ ಉತ್ತರ

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮವಿತ್ತು. ಎರಡು ಕೋಣೆ, ಒಂದು ಅಡಿಗೆಮನೆ, ನೀರಿಗೆ ಇಳಿಯಲು ಕಲ್ಲಿನ ಮೆಟ್ಟಿಲು. ಅಲ್ಲಿದ್ದ ಗುರುಗಳ ಹೆಸರು ಸಂಗನಬಸಯ್ಯ. ಸುತ್ತಲಿನವರಿಗೆಲ್ಲ ಅವರು ಬರೀ ಅಜ್ಜಾರು.

ನಲವತ್ತು ವರ್ಷ ಮಕ್ಕಳಿಗೆ ಕಾವ್ಯ ಪಾಠ ಹೇಳಿದವರು. ಹೇಳಿ ಹೇಳಿ ಮಾತು ಖರ್ಚಾಗಿತ್ತೋ ಏನೋ, ಈಗ ಬಹಳ ಕಡಿಮೆ ಮಾತಾಡುತ್ತಿದ್ದರು.

ಅವರ ಹತ್ತಿರ ಒಂದು ಬೆಳಿಗ್ಗೆ ನೀಲಗಂಗಾ ಎಂಬ ಹುಡುಗಿ ಬಂದಳು. ಪಿಯುಸಿ ಎರಡನೇ ವರ್ಷದ ಪರೀಕ್ಷೆಯಲ್ಲಿ ಎಲ್ಲ ವಿಷಯ ಪಾಸಾಗಿ ಕನ್ನಡದಲ್ಲಿ ಮಾತ್ರ ನಪಾಸಾಗಿದ್ದಳು. ಬೇಕಾದದ್ದು ಮೂವತ್ತೈದು, ಬಂದದ್ದು ಮೂವತ್ತೊಂದು. ಹುಟ್ಟಿದಾಗಿನಿಂದ ಆಡಿದ ಭಾಷೆಯಲ್ಲೇ ನಪಾಸಾದಳಲ್ಲ ಎಂದು ಓಣಿಯ ಮಂದಿ ನಕ್ಕಿದ್ದರು. ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ.

ನಾಚಿಕೆ ಹೋಗಲಿ, ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವಳಿಗೊಂದು ಸೀಟು ಸಿಗುವುದಿತ್ತು. ಪೂರಕ ಪರೀಕ್ಷೆಯಲ್ಲಿ ಪಾಸಾದರೆ ಸೀಟು ಅವಳದು. ಇಲ್ಲವಾದರೆ ಬೇರೆಯವರದು. ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು.

ಅವಳು ಅಜ್ಜಾರ ಕಾಲಿಗೆ ಬಿದ್ದು, ತನ್ನ ಉತ್ತರ ಪತ್ರಿಕೆಯ ಝೆರಾಕ್ಸ್ ಅವರ ಮುಂದಿಟ್ಟಳು.

"ಅಜ್ಜಾರ, ಪ್ರಬಂಧದ ಪ್ರಶ್ನೆಗೆ ಹನ್ನೊಂದು ಹಾಳಿ ಬರದೀನ್ರಿ. ಹತ್ತಕ್ಕ ಎರಡ ಕೊಟ್ಟಾರ್ರಿ."

"ಉಳಿದ ಪ್ರಶ್ನೆ?"

"ಇದನ್ನ ಬರಿಯೋದ್ರಾಗ ಹೊತ್ತು ಹೋತ್ರಿ. ಅರ್ಧಕ್ಕರ್ಧ ಹಂಗ ಉಳದ್ವು."

"ಪ್ರಬಂಧಕ್ಕ ಏನ ಕೇಳಿದ್ರು?"

ಪಠ್ಯದಲ್ಲಿ ಒಂದು ಕಥನಕವನವಿತ್ತು. ರಾಜನೊಬ್ಬ ಊರಿನ ಕೆರೆ ಮುಚ್ಚಿಸಿ ಹೂದೋಟ ಮಾಡಿಸುತ್ತಾನೆ. ಆ ಕೆರೆಯ ಮಣ್ಣಿನಿಂದ ಮಡಕೆ ಮಾಡುತ್ತಿದ್ದ ಕುಂಬಾರ್ತಿಯನ್ನು ತೋಟದ ಹಬ್ಬಕ್ಕೆಂದು ಅರಮನೆಗೆ ಕರೆಸಿ, ಒಂದು ಮಡಕೆ ತಾ ಎನ್ನುತ್ತಾನೆ. ಅವಳು ಮನೆಯಲ್ಲಿ ಉಳಿದಿದ್ದ ಕೊನೆಯ ಮಣ್ಣಿನಿಂದ ಮಡಕೆ ಮಾಡಿ ತರುತ್ತಾಳೆ. ಸಭೆ ಬೆರಗಾಗುತ್ತದೆ. ರಾಜ ಕೊರಳ ಹಾರ ಬಿಚ್ಚಿ ನೀಡುತ್ತಾನೆ. ಅವಳು ಹಾರ ಮುಟ್ಟುವುದಿಲ್ಲ. ಮಡಕೆಯನ್ನು ಅವನೆದುರೇ ಒಡೆದು, ಚೂರುಗಳನ್ನು ಸೆರಗಿನಲ್ಲಿ ತುಂಬಿಕೊಂಡು ಹೊರಡುತ್ತಾಳೆ. ರಾಜ ಮಾತಿಲ್ಲದೆ ನಿಲ್ಲುತ್ತಾನೆ.

"ಕುಂಬಾರ್ತಿ ಮಡಕಿ ಒಡದದ್ದು ಧೈರ್ಯವೋ ಅಹಂಕಾರವೋ, ಪದ್ಯದ ಆಧಾರದಿಂದ ವಿವರಿಸಿ ಅಂತ ಕೇಳಿದ್ರು ರಿ," ಅಂದಳು ನೀಲಗಂಗಾ.

ಅಜ್ಜಾರು ಹಾಳೆ ತಿರುವಿದರು. ಮೊದಲ ಹಾಳೆಯಲ್ಲಿ ಕವಿ ಹುಟ್ಟಿದ ಊರು, ತಂದೆ, ತಾಯಿ, ಬಿರುದು, ಬಹುಮಾನ. ಎರಡನೆಯದರಲ್ಲಿ ಕಥನಕವನ ಬೆಳೆದು ಬಂದ ದಾರಿ. ಮೂರನೆಯದರಲ್ಲಿ ಛಂದಸ್ಸು. ಆಮೇಲೆ ಕುಂಬಾರಿಕೆಯ ಮಹತ್ವ, ರಾಜರ ಕರ್ತವ್ಯ, ಕೆರೆಗಳ ಸಂರಕ್ಷಣೆ. ಹನ್ನೊಂದನೆಯ ಹಾಳೆಯ ಕೊನೆಯಲ್ಲಿ, ಹೀಗೆ ಈ ಪದ್ಯವು ನಮಗೆ ಉತ್ತಮ ಸಂದೇಶವನ್ನು ನೀಡುತ್ತದೆ.

ಹುಡುಗಿಗೆ ನೆನಪಿನ ಶಕ್ತಿ ಅಪಾರ. ಒಮ್ಮೆ ಓದಿದ್ದು ತಲೆಯಿಂದ ಹೋಗುತ್ತಿರಲಿಲ್ಲ, ಪಾಪ, ಅದೇ ಅವಳಿಗೆ ತೊಂದರೆಯಾಗಿತ್ತು.

"ಈ ಎರಡು ಅಂಕ ಎದಕ್ಕ ಕೊಟ್ಟಾರ?" ಎಂದು ಅಜ್ಜಾರು ಕೇಳಿದರು.

"ಇಷ್ಟ ಬರದಾಳಲ್ಲ, ಪಾಪ ಅಂತ ಕೊಟ್ಟಾರೇನೋ ರಿ."

"ಪಾಪ ಅಂತ ಯಾರೂ ಅಂಕ ಕೊಡೂದಿಲ್ಲ. ಹುಡುಕು."

ಅವಳು ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನದ ತನಕ ಹುಡುಕಿದಳು. ಏಳನೆಯ ಹಾಳೆಯಲ್ಲಿ, ಒಂದು ಸಾಲಿನ ಪಕ್ಕದಲ್ಲಿ, ತಿದ್ದಿದವರು ಪೆನ್ನಿನಿಂದ ಒಂದು ಸಣ್ಣ ಗುರುತು ಮಾಡಿದ್ದು ಸಿಕ್ಕಿತು. ಇಡೀ ಉತ್ತರದಲ್ಲಿ ಅದೊಂದೇ ಗುರುತು.

ಅವಳು ಆ ಸಾಲು ಓದಿದಳು. "ಅವಳಿಗೆ ತನ್ನ ಮಡಕೆಯ ಹೊಗಳಿಕೆಗಿಂತ ಊರಿನ ಕೆರೆ ದೊಡ್ಡದಾಗಿತ್ತು."

"ಇದು ಯಾವ ಗೈಡಿನಾಗ ಐತಿ?" ಅಂದರು ಅಜ್ಜಾರು.

"ಯಾವುದರಾಗೂ ಇಲ್ರಿ. ಬರಿಯೋವಾಗ ತಾನ ಬಂತ್ರಿ. ತಪ್ಪಾತೇನೋ ಅಂತ ಅಂಜಿ, ಮುಂದಿನ ಸಾಲಿನಿಂದ ಮತ್ತ ಗೈಡಿಂದು ಬರದೆ."

ಅಜ್ಜಾರು ಕೈ ಚಾಚಿದರು.

"ನಿನ್ನ ಪೆನ್ನು ಕೊಡು."

ಕೊಟ್ಟಳು. ಅವರು ಅದನ್ನು ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟರು.

"ಅಜ್ಜಾರ, ಇಪ್ಪತ್ತ ದಿನ ಉಳದೈತ್ರಿ!"

"ಗೊತ್ತೈತಿ," ಎಂದು ಅಜ್ಜಾರು ಊಟಕ್ಕೆ ಎದ್ದರು.

ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿ ಪಾಠದ ಪ್ರಶ್ನೆಗೆ ಉತ್ತರ ಹೇಳುವವರು ಹೊಳೆಗಿಳಿದು ಬೊಗಸೆಯಲ್ಲಿ ನೀರು ತುಂಬಿಕೊಂಡು ನಿಲ್ಲಬೇಕು. ಬೊಗಸೆಯಲ್ಲಿ ನೀರಿರುವ ತನಕ ಮಾತು. ನೀರು ಸೋರಿ ಮುಗಿದರೆ ಮಾತೂ ಮುಗಿಯಿತು. ಅಜ್ಜಾರಿಗೂ ಅದೇ ನಿಯಮ.

ನೀಲಗಂಗಾ ಅಲ್ಲೇ ಉಳಿದಳು. ಮೊದಲ ದಿನ ಬೊಗಸೆ ತುಂಬಿ ಶುರುಮಾಡಿದಳು. "ಈ ಪದ್ಯವನ್ನು ಬರೆದ ಕವಿಗಳು ಜನಿಸಿದ್ದು..." ಕವಿಗಳು ಇನ್ನೂ ಜನಿಸುವ ಮೊದಲೇ ನೀರು ಮುಗಿದಿತ್ತು.

ಎರಡನೆಯ ದಿನ ಕವಿಗಳನ್ನು ಬಿಟ್ಟಳು. "ಕಥನಕವನ ಎಂದರೆ..." ನೀರು ಹೋಯಿತು.

ಮೂರನೆಯ ದಿನ ಬೆರಳು ಬಿಗಿದು, ಉಸಿರು ಬಿಗಿದು, ಗಡಗಡ ಅಂತ ಹೇಳಿದಳು. ಏನು ಹೇಳಿದಳೆಂದು ಅಜ್ಜಾರಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

"ಓಡಬ್ಯಾಡ. ನಿನ್ನ ಯಾರೂ ಬೆನ್ನು ಹತ್ತಿಲ್ಲ," ಎಂದರು ಅಜ್ಜಾರು.

ನಾಲ್ಕನೆಯ ದಿನ ಅವಳು ನಿಧಾನಕ್ಕೆ ಹೇಳಿದಳು. "ಅದು ಧೈರ್ಯರಿ. ಆದ್ರ ಅಹಂಕಾರ ಅಂತನೂ ಅನಬಹುದ್ರಿ."

"ನೀ ಏನ ಅಂತಿ?"

"ಗೈಡಿನಾಗ ಎರಡೂ ಬರದಾರ್ರಿ."

"ಪರೀಕ್ಷಾಕ್ಕ ಗೈಡು ಕುಂದರತೈತೇನು, ನೀ ಕುಂದರತೀಯೇನು?"

ನೀಲಗಂಗಾಳ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಮುಚ್ಚಿಟ್ಟ ಅಂಜಿಕೆ ಆಗ ಬಾಯಿಗೆ ಬಂತು.

"ನಾ ಒಂದ ಹೇಳಿ, ಅದು ತಪ್ಪಾದ್ರರಿ? ಎಲ್ಲಾನೂ ಬರದ್ರ ಯಾವುದರೆ ಒಂದು ಸರಿ ಇರತೈತಲ್ರಿ ಅಜ್ಜಾರ."

"ತಪ್ಪಾದ್ರ ತಿದ್ದಾಕ ಬರತೈತಿ. ಏನೂ ಹೇಳದಾಕಿನ ಹೆಂಗ ತಿದ್ದೂದು?"

ಅವಳು ಆ ದಿನ ಅನ್ನ ಸರಿಯಾಗಿ ಉಣ್ಣಲಿಲ್ಲ. ಸಂಜೆ ಹೊಳೆಯ ದಂಡೆಗುಂಟ ಬಹಳ ದೂರ ನಡೆದು ಬಂದಳು. ಕುಂಬಾರ್ತಿಯ ಬಗ್ಗೆ ತನಗೆ ಏನನ್ನಿಸುತ್ತದೆ ಎಂದು ಅವಳು ಅಲ್ಲಿಯವರೆಗೆ ತನ್ನನ್ನೇ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳಲು ಹೋದರೆ ಒಂಥರಾ ಹೆದರಿಕೆ, ಒಂಥರಾ ಖುಷಿ.

ಮರುದಿನ ಬೊಗಸೆ ತುಂಬಿ ನಿಂತಳು.

"ಧೈರ್ಯರಿ. ಅಕಿ ತನ್ನ ಸಲುವಾಗಿ ಮಡಕಿ ಒಡಿಲಿಲ್ಲ, ಕೆರಿ ಸಲುವಾಗಿ ಒಡದ್ಲು."

ಹೇಳಿ ಮುಗಿಯಿತು. ಬೊಗಸೆಯಲ್ಲಿ ಇನ್ನೂ ನೀರಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಹುಡುಗಿ ಹಾಗೇ ನಿಂತಳು.

"ಅಜ್ಜಾರ, ನೀರು ಉಳದೈತ್ರಿ."

"ಕುಡಿ."

ಕುಡಿದಳು. ಹೊಳೆಯ ನೀರು ಅಷ್ಟು ರುಚಿ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಇನ್ನು ಪೆನ್ನು ಕೊಡ್ತೀರೇನ್ರಿ?"

"ಇಲ್ಲ. ಈ ಮಾತು ಹೋಗಿ ಶರಣವ್ವಗ ಹೇಳು."

ಶರಣವ್ವ ಆಶ್ರಮದಲ್ಲಿ ಅಡಿಗೆ ಮಾಡುವಾಕೆ. ಅಜ್ಜಾರು ಪಾಠ ಹೇಳುವಾಗ ಒಲೆಯ ಮುಂದೆ ಕೂತೇ ಆ ಪದ್ಯವನ್ನು ಇಪ್ಪತ್ತು ಸಲ ಕೇಳಿದ್ದಳು. ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲೇ ಇಲ್ಲ.

"ಧೈರ್ಯ ಏನ ಬಂತ ಅದರಾಗ? ಸೊಕ್ಕು ಅದು! ಅಷ್ಟು ಚಂದನ್ನ ಮಡಕಿ ಕೈಯಾರ ಒಡಿಯೋದಂದ್ರ? ನಾ ಒಂದ ಬಿಂದಿಗಿ ಒಡದ್ರ ವಾರಗಟ್ಟಲೆ ಮರುಗತೀನಿ."

ನೀಲಗಂಗಾ ಓಡಿ ಬಂದು ಅಜ್ಜಾರಿಗೆ ಹೇಳಿದಳು. "ಶರಣವ್ವಕ್ಕ ಒಪ್ಪಂಗಿಲ್ರಿ."

"ಒಪ್ಪಿಸು. ಪದ್ಯದಾಗಿಂದ ಸಾಲು ತಗೊಂಡು ಹೋಗು. ಬ್ಯಾರೆ ಏನೂ ಒಯ್ಯಬ್ಯಾಡ."

ಅವಳು ಪುಸ್ತಕ ತೆರೆದು ಹುಡುಕಿದಳು. ಸಿಕ್ಕಿತು. ಅಡಿಗೆಮನೆಗೆ ಹೋದಳು.

"ಅಕ್ಕಾರ, ಅರಮನಿಗೆ ಹೋಗೋವಾಗ ಅಕಿ ಮುಚ್ಚಿದ ಕೆರಿ ಹತ್ರ ನಿಂತು ಕೈ ಮುಗೀತಾಳ. ಪದ್ಯದಾಗ ಐತಿ. ಸೊಕ್ಕಿನಾಕಿ ಕೈ ಮುಗೀತಾಳೇನ್ರಿ?"

"ಮುಗೀತಾಳ. ನಮ್ಮ ಓಣ್ಯಾಗಿನ ಎಲ್ಲಾ ಸೊಕ್ಕಿನಾಕಿಗೋಳೂ ದಿನಾ ಗುಡಿಗೆ ಹೋಗ್ತಾರ," ಎಂದಳು ಶರಣವ್ವ. ರೊಟ್ಟಿ ತಿರುವಿದಳು.

ಮತ್ತೆ ಪುಸ್ತಕ. ಮತ್ತೆ ಅಡಿಗೆಮನೆ.

"ಅಕಿ ರಾಜಗ ಒಂದ ಮಾತೂ ಬೈಯೂದಿಲ್ರಿ. ಸಿಟ್ಟಿಲೆ ಚೀರೂದಿಲ್ಲ."

"ಬೈಯೋರದು ಸಣ್ಣ ಸೊಕ್ಕು ತಂಗಿ. ಬಾಯಿ ಮುಚ್ಚಿಕೊಂಡು ಇರೋರದು ಭಾಳ ದೊಡ್ಡದು."

ನೀಲಗಂಗಾಗೆ ಶರಣವ್ವನ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲೇ ಪದ್ಯವನ್ನು ಮೊದಲಿನಿಂದ ಓದಿದಳು. ಅಷ್ಟು ಗಮನವಿಟ್ಟು ಅವಳು ಅದನ್ನು ಹಿಂದೆಂದೂ ಓದಿರಲಿಲ್ಲ.

ಮೂರನೆಯ ಸಲ ಅಡಿಗೆಮನೆಯ ಬಾಗಿಲಲ್ಲಿ ನಿಂತಾಗ ಅವಳ ದನಿ ಸಣ್ಣಗಿತ್ತು.

"ಅಕ್ಕಾರ, ಒಡದ ಮ್ಯಾಲ ಅಕಿ ಚೂರು ಆರಿಸ್ಕೋತಾಳ್ರಿ. ಒಂದೂ ಬಿಡಂಗಿಲ್ಲ. ಎಲ್ಲಾ ಸೆರಗಿನಾಗ ತುಂಬಿಕೊಂಡು ಮನಿಗೆ ಒಯ್ತಾಳ."

ರೊಟ್ಟಿ ಬಡಿಯುವ ಕೈ ನಿಂತಿತು.

"ಒಂದೂ ಬಿಡಲಾರದಂಗ?"

"ಒಂದೂ ಬಿಡಲಾರದಂಗ್ರಿ."

ಶರಣವ್ವ ಹಿಟ್ಟಿನ ಕೈಯನ್ನೇ ನೋಡಿಕೊಂಡಳು. "ಸೊಕ್ಕಿನಾಕಿ ಆಗಿದ್ರ, ಅರಮನಿ ಮಂದಿ ಬಳಕೊಳ್ಳಲಿ ಅಂತ ಒದ್ದು ಹೋಗತಿದ್ಲು," ಎಂದಳು. "ಆತ ಬಿಡು. ಅಕಿ ಸೊಕ್ಕಿನಾಕಿ ಅಲ್ಲ."

ನೀಲಗಂಗಾ ಅಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ಅಜ್ಜಾರ ಹತ್ತಿರ ಓಡಿದಳು.

"ಒಪ್ಪಿದ್ರು ರಿ! ಮೂರನೇ ಸಾಲಿಗೆ ಒಪ್ಪಿದ್ರು!"

"ಒಪ್ಪಿದ ಮ್ಯಾಲ ನೀ ಅಕಿಗೆ ಏನ ಹೇಳಿದಿ?"

"ಏನೂ ಇಲ್ರಿ. ಓಡಿ ಬಂದೆ."

"ಬರಿಯೋವಾಗೂ ಹಂಗ ಓಡಿ ಬಾ."

"ಹಂಗಾರ ಗಟ್ಟಿ ಸಾಲು ಕಡೀಕ ಇಟ್ಟು, ಅಲ್ಲಿಗೇ ನಿಲ್ಲಿಸಬೇಕೇನ್ರಿ? ಮತ್ತ, ಶರಣವ್ವಕ್ಕ ಅಂದ ಮಾತು? ಅದನ್ನೂ ಬರಿಬೇಕೇನ್ರಿ?"

"ಅಕಿ ಎದುರಿಗೆ ಇರದಿದ್ರ ನೀ ಯಾರ ಜೋಡಿ ಮಾತಾಡ್ತಿ?"

ಹನ್ನೊಂದನೆಯ ದಿನ ಅಜ್ಜಾರು ಪೆನ್ನು ಕೊಟ್ಟರು. ಅದೇ ಪ್ರಶ್ನೆಗೆ ಉತ್ತರ ಬರೆಯಲು ಅರ್ಧ ತಾಸು ಕೊಟ್ಟರು. ಜೊತೆಗೆ ಒಂದು ಮಾತು ಹೇಳಿದರು.

"ಮೊದಲಿನ ಹತ್ತು ನಿಮಿಷ ಪೆನ್ನಿನ ಟೊಪಗಿ ತೆಗಿಬ್ಯಾಡ."

ಹತ್ತು ನಿಮಿಷ ಸುಮ್ಮನೆ ಕೂಡುವುದು ಅವಳಿಗೆ ಹನ್ನೊಂದು ಹಾಳೆ ಬರೆಯುವುದಕ್ಕಿಂತ ಕಷ್ಟವಾಯಿತು. ಆದರೆ ಕೂತಳು. ತನ್ನ ಮಾತು ಯಾವುದು, ಎದುರಿನವರ ಮಾತು ಯಾವುದು, ಯಾವ ಸಾಲು ಮೊದಲು, ಯಾವುದು ಆಮೇಲೆ, ಎಲ್ಲಿ ನಿಲ್ಲಿಸುವುದು. ಇಷ್ಟು ಮನಸ್ಸಿನಲ್ಲಿ ಗಟ್ಟಿಯಾದ ಮೇಲೆ ಬರೆದಳು. ಮೂರು ಹಾಳೆಯಲ್ಲಿ ಮುಗಿಯಿತು.

ಅಜ್ಜಾರು ಓದಿ ತಲೆಯಾಡಿಸಿದರು. ಅವಳಿಗೆ ಸ್ವರ್ಗ ಮೂರೇ ಗೇಣು.

ಪರೀಕ್ಷೆಯ ಹಿಂದಿನ ದಿನ ಅವಳು ಹಿಗ್ಗಿನಿಂದ ಬಂದು ಹೇಳಿದಳು. "ಅಜ್ಜಾರ, ಆ ಮೂರೂ ಹಾಳಿ ಬಾಯಿಪಾಠ ಮಾಡೀನ್ರಿ. ಒಂದಕ್ಷರ ತಪ್ಪಂಗಿಲ್ಲ!"

ಅಜ್ಜಾರು ಆ ದಿನ ಮಾತ್ರ ಒಂದು ರೊಟ್ಟಿ ಕಡಿಮೆ ಉಂಡರು.

ಪರೀಕ್ಷೆಯ ಕೋಣೆಯಲ್ಲಿ ನೀಲಗಂಗಾ ಪ್ರಶ್ನೆಪತ್ರಿಕೆ ತೆರೆದಳು. ಪದ್ಯ ಅದೇ ಇತ್ತು. ಪ್ರಶ್ನೆ ಬೇರೆ ಇತ್ತು.

"ಕವನದ ಕೊನೆಯಲ್ಲಿ ರಾಜನು ಮಾತಿಲ್ಲದೆ ನಿಲ್ಲುವುದು ಅವನ ಸೋಲೇ? ಪದ್ಯದ ಆಧಾರದಿಂದ ಚರ್ಚಿಸಿ."

ಕುಂಬಾರ್ತಿಯ ಮೂರು ಹಾಳೆ ತಲೆಯಲ್ಲಿ ಸಿದ್ಧವಾಗಿ ನಿಂತಿದ್ದವು. ಅವನ್ನೇ ಬರೆದುಬಿಟ್ಟರೆ? ಪದ್ಯ ಅದೇ ತಾನೇ? ಒಂದೆರಡು ಅಂಕವಾದರೂ ಬಂದಾವು. ಮುಂದಿನ ಬೆಂಚಿನ ಹುಡುಗ ಆಗಲೇ ಹೆಚ್ಚುವರಿ ಹಾಳೆ ಬೇಕೆಂದು ಕೈ ಎತ್ತಿದ್ದ. ಅವಳಿಗೆ ಅಳು ಬರುವಂತಾಯಿತು.

ಬೆರಳು ಪೆನ್ನಿನ ಟೊಪಗಿಯ ಮೇಲಿತ್ತು. ಅವಳು ಅದನ್ನು ತೆಗೆಯಲಿಲ್ಲ.

ಕಣ್ಣು ಮುಚ್ಚಿ ಪದ್ಯವನ್ನು ಮೊದಲ ಸಾಲಿನಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದಳು. ಆ ಶಿಲಾಶಾಸನದಂಥ ನೆನಪು ಅಂದು ಉಪಯೋಗಕ್ಕೆ ಬಂತು. ಕೊನೆಯ ನುಡಿಯ ಸಾಲುಗಳಿಗೆ ಬಂದಾಗ ಅವಳು ಒಂದು ಕಡೆ ತಡೆದಳು. ಹಿಂದೆ ಹೋದಳು. ಮತ್ತೆ ಹೇಳಿಕೊಂಡಳು. ಮುಖದಲ್ಲಿ ಸಣ್ಣ ನಗು ಬಂತು.

ಟೊಪಗಿ ತೆಗೆದು ಬರೆಯತೊಡಗಿದಳು. ಬರೆದು ಮುಗಿಸಿ, ಉಳಿದ ಪ್ರಶ್ನೆಗಳಿಗೂ ಒಂದೊಂದಾಗಿ ಉತ್ತರ ಬರೆದಳು.

ಫಲಿತಾಂಶ ಬಂದ ದಿನ ಅವಳು ಪೇಢೆಯ ಡಬ್ಬಿ ಹಿಡಿದು ಆಶ್ರಮಕ್ಕೆ ಬಂದಳು.

"ಪಾಸಾದೆ ರಿ ಅಜ್ಜಾರ! ಅರವತ್ತನಾಕು. ಪ್ರಬಂಧಕ್ಕ ಹತ್ತಕ್ಕ ಎಂಟು. ಸೀಟೂ ಆತ್ರಿ!"

ಶರಣವ್ವ ಅವಳ ಕೆನ್ನೆ ಸವರಿ ಲಟಿಕೆ ಮುರಿದಳು. ಡಬ್ಬಿಯಿಂದ ಒಂದು ಪೇಢೆ ಹುಡುಗಿಯ ಬಾಯಿಗಿಟ್ಟಳು, ಎರಡು ತಾನು ತಿಂದಳು. ಅಜ್ಜಾರೂ ಒಂದು ಕೈಗೆ ತೆಗೆದುಕೊಂಡರು. ಅವರ ಮುಖ ನೋಡಿದರೆ ಪರೀಕ್ಷೆ ಪಾಸಾದವರು ಅವರೇ ಎನ್ನಬೇಕು.

"ಏನ ಕೇಳಿದ್ರು?"

"ರಾಜ ಮಾತಿಲ್ಲದ ನಿಲ್ಲೋದು ಸೋಲೇನು ಅಂತ್ರಿ."

"ನೀ ಏನ ಬರದಿ?"

"ಸೋಲಲ್ಲ ಅಂತ ಬರದೆ ರಿ."

ಅಜ್ಜಾರ ಕೈ ಬಾಯಿಯ ಹತ್ತಿರ ಹೋಗುತ್ತಿದ್ದುದು ಅಲ್ಲೇ ನಿಂತಿತು.

"ಅಯ್ಯ, ತಂಗಿ!" ಎಂದಳು ಶರಣವ್ವ. "ಅಜ್ಜಾರು ನಲವತ್ತು ವರ್ಷ ಅದು ಸೋಲು ಅಂತನ ಪಾಠ ಹೇಳ್ಯಾರ."

ನೀಲಗಂಗಾಳಿಗೆ ಅಂಕ, ಸೀಟು ಎಲ್ಲ ಮರೆತುಹೋಯಿತು. ಗುರುಗಳ ಮಾತಿಗೆ ಎದುರು ಬರೆದುಬಿಟ್ಟೆನಲ್ಲ ಎಂದು ಅವಳಿಗೆ ಅಂಜಿಕೆಯಾಯಿತು.

"ತಪ್ಪಾತೇನ್ರಿ ಅಜ್ಜಾರ?"

ಅಜ್ಜಾರು ಪೇಢೆ ಕೆಳಗಿಟ್ಟು ಪುಸ್ತಕ ಅವಳ ಮುಂದೆ ಸರಿಸಿದರು.

"ತೋರ್ಸು."

ಅವಳು ಪುಟ ತೆರೆದು ತೋರಿಸಿದಳು.

"ಇಲ್ಲಿ ನೋಡ್ರಿ. ಮೊದಲ್ನೇ ನುಡಿಯಿಂದ ಹಿಡದು ಎಲ್ಲಾದ್ರಾಗೂ ರಾಜ ಮಾತಾಡ್ತಾನ್ರಿ. ಕಡೀ ನುಡಿ ತನಕ ಅಂವ ಮಾತಾಡದ ನುಡಿನ ಇಲ್ಲ. ಮಡಕಿ ಒಡದ ಮ್ಯಾಲ ಮಾತು ನಿಂತತು. ಇದು ಸೋಲಂತ ಅನಸ್ತೈತಿ, ಖರೆ. ಆದ್ರ ಮುಂದಿನ ಸಾಲಿನಾಗ ಅಂವ ಪೀಠ ಬಿಟ್ಟು ಇಳದ, ಬಾಗಿಲ ತನಕ ಉರುಳಿ ಹೋಗಿದ್ದ ಒಂದ ಚೂರು ತಾನ ಎತ್ತಿದ, ಅಕಿ ಸೆರಗಿಗೆ ಹಾಕಿದ. ಅಷ್ಟೊತ್ತನಕ ಎಲ್ಲಾರೂ ಅಂವಗ ಬಗ್ಗತಿದ್ರು. ಅಂವ ಬಗ್ಗಿದ್ದು ಇಲ್ಲೇ ಮೊದಲ್ರಿ."

"ಆ ಸಾಲು ನಾನೂ ಓದೀನಿ," ಎಂದರು ಅಜ್ಜಾರು ಮೆಲ್ಲಗೆ. "ಸೋತಾಂವ ನಾಚಿ ಬಗ್ಗಿದ ಅಂತ ಹೇಳ್ಕೋತ ಬಂದೆ."

ನೀಲಗಂಗಾ ಆ ಸಾಲನ್ನು ಇನ್ನೊಮ್ಮೆ ನೋಡಿದಳು.

"ನಾಚಿದಾಂವ ನೆಲ ನೋಡ್ತಾನ್ರಿ. ಇಂವ ಮಣ್ಣು ಹತ್ತಿದ ಅಕಿ ಕೈ ನೋಡ್ತಾ ನಿಂತ ಅಂತ ಕವಿಗೋಳು ಬರದಾರ. ಅಷ್ಟು ದಿನ ಮಡಕಿ ಕಂಡಿತ್ತು, ಕೈ ಕಂಡಿರಲಿಲ್ಲ. ಈಗ ಕಂಡತು. ಕಂಡದ್ದಕ್ಕ ಸುಮ್ಮನಾದ್ರಿ. ಅದು ಸೋಲು ಹೆಂಗಾಗತೈತ್ರಿ?"

ಅಜ್ಜಾರು ಪುಸ್ತಕ ಕೈಗೆ ತೆಗೆದುಕೊಂಡರು. ಆ ಸಾಲು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಕೆಳಗೆ ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಶರಣವ್ವ ಬಾಯಲ್ಲಿದ್ದ ಪೇಢೆ ನುಂಗುವುದನ್ನೂ ಮರೆತು ನೋಡುತ್ತಿದ್ದಳು.

ಆಮೇಲೆ ಅವರು ಎದ್ದು, ಒಳಗಿನಿಂದ ಒಂದು ಹಳೆಯ ವಹಿ ತಂದರು. ನಲವತ್ತು ವರ್ಷ ಪಾಠಕ್ಕೆಂದು ಬರೆದಿಟ್ಟ ಟಿಪ್ಪಣಿ ಅದು. ಅದರಲ್ಲಿ ಆ ಪದ್ಯದ ಪುಟ ತೆರೆದು, ರಾಜನ ಬಗ್ಗೆ ಬರೆದಿದ್ದ ಸಾಲಿನ ಮೇಲೆ ಒಂದು ಗೆರೆ ಎಳೆದರು. ತಮ್ಮ ಜಾಗ ಬಿಟ್ಟು ಬಂದು, ಹುಡುಗಿಯ ಎದುರಿಗೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಇನ್ನೊಮ್ಮೆ ಸಾವಕಾಶ ಹೇಳು ತಂಗಿ, ನಾ ಬರಕೋತೀನಿ."